ನಮ್ಮ ಅಭ್ಯಾಸ ಪುಸ್ತಕಗಳು ಜೂನ್‌ನಿಂದ ಇ-ಪಬ್ ರೂಪದಲ್ಲಿ

ಮಾನ್ಯ ಪೋಷಕರೇ, ಶಿಕ್ಷಕರೇ,

ಜೂನ್‌ನಿಂದ ನಮ್ಮ ಸಹಕಾರ ಸಂಘದ ಕನ್ನಡ ಅಭ್ಯಾಸ ಪುಸ್ತಕಗಳು ಪಿಡಿಎಫ್ ಬದಲು ಇ-ಪಬ್ (ಇ-ಪುಸ್ತಕದ ಒಂದು ರೂಪ) ಕಡತವಾಗಿ ಬರಲಿವೆ. ಡಿಸ್ಲೆಕ್ಸಿಯಾ (ಓದುವುದರಲ್ಲಿ ತೊಡಕು) ಇರುವ, ದೃಷ್ಟಿ ಮಂದವಿರುವ ಮಕ್ಕಳಿಗೆ ಹಳೆಯ ಕಡತ ಬಹಳ ಕಷ್ಟ ಕೊಡುತ್ತಿತ್ತು. ಬೆಲೆ ಮೊದಲಿನಷ್ಟೇ. ಈಗಾಗಲೇ ಕೊಂಡವರಿಗೆ ಹೊಸ ಕಡತ ಉಚಿತ.

ಪಿಡಿಎಫ್‌ನಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ಎಡಕ್ಕೂ ಬಲಕ್ಕೂ ಸರಿಸುವಷ್ಟರಲ್ಲಿ ಮಗುವಿಗೆ ಸಾಲೇ ತಪ್ಪುತ್ತದೆ. ಇ-ಪಬ್‌ನಲ್ಲಿ ಸಾಲು ಪರದೆಯ ಅಗಲಕ್ಕೆ ತಾನೇ ಮುರಿದುಕೊಳ್ಳುತ್ತದೆ. ಹಳೆಯ ಪಿಡಿಎಫ್‌ನೊಳಗೆ ಅದಕ್ಕಿಂತ ದೊಡ್ಡ ದೋಷವಿತ್ತು: ಆ ಪುಟಗಳು ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿದ್ದವು. ಕಣ್ಣಿಗೆ ಕನ್ನಡ, ಕಡತದೊಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಾದ ಟಾಕ್‌ಬ್ಯಾಕ್ ಆಗಲಿ ಎನ್‌ವಿಡಿಎ ಆಗಲಿ ಅದನ್ನು ಓದಿದರೆ ಒಂದು ಪದವೂ ಅರ್ಥವಾಗದು. ನಿಮ್ಮಲ್ಲಿರುವ ಬೇರೆ ಪಿಡಿಎಫ್‌ಗಳನ್ನೂ ಪರೀಕ್ಷಿಸಿ: ಒಂದು ಸಾಲು ನಕಲು ಮಾಡಿ ವಾಟ್ಸ್ಯಾಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್. ಏನೂ ಬರದಿದ್ದರೆ ಅದು ಬರೀ ಪುಟದ ಚಿತ್ರ.

ಅಕ್ಷರದ ಗಾತ್ರದಲ್ಲಿ ದಯವಿಟ್ಟು ಜಿಪುಣತನ ಬೇಡ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಹೊಟ್ಟೆಯಡಿಯ ಒಂದು ಪುಟ್ಟ ಸೀಳು, ‘ರ’ಕ್ಕೂ ‘ಠ’ಕ್ಕೂ ಒಂದೇ ಚುಕ್ಕೆ. ಸಣ್ಣ ಅಕ್ಷರದಲ್ಲಿ ಇವೆರಡೂ ಮುಚ್ಚಿಹೋಗುತ್ತವೆ. ಸೀಳು ಮಗುವಿಗೆ ತಡವರಿಸದೆ ಕಾಣುವವರೆಗೆ ದೊಡ್ಡದು ಮಾಡುತ್ತಾ ಹೋಗಿ.

ಸಾಲಿನ ಅಂತರವನ್ನು 1.8ಕ್ಕೆ ಇಟ್ಟಿದ್ದೇವೆ. ಇಂಗ್ಲಿಷಿಗೆ 1.5 ಸಾಕಾಗಬಹುದು; ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರ ಮಾತ್ರ ಹೆಚ್ಚಿಸಬೇಡಿ, ಕೆಲವು ಆ್ಯಪ್‌ಗಳಲ್ಲಿ ಒತ್ತು ತನ್ನ ಅಕ್ಷರದಿಂದ ಕಳಚಿ ನಿಲ್ಲುತ್ತದೆ. ಪದಗಳ ನಡುವೆ ಅಂತರ ಹೆಚ್ಚಿಸಿ. ಬಲ ಅಂಚನ್ನು ಸಮ ಮಾಡಿಲ್ಲ. ನಮ್ಮ ಉದ್ದ ಪದಗಳಿಂದಾಗಿ ಸಾಲಿನ ನಡುವೆ ಖಾಲಿ ಜಾಗ ಬಿದ್ದು ಕಣ್ಣು ಜಾರುತ್ತದೆ. ಹಿನ್ನೆಲೆ ಕೆನೆಬಣ್ಣದ್ದು. ಬೆಳಕು ಕಣ್ಣಿಗೆ ಚುಚ್ಚುವ ಮಕ್ಕಳು ಕಪ್ಪು ಹಿನ್ನೆಲೆಗೆ ಬದಲಾಯಿಸಿಕೊಳ್ಳಲಿ, ಆಯ್ಕೆ ಮಗುವಿನದೇ ಇರಲಿ.

ಡಿಸ್ಲೆಕ್ಸಿಯಾ ಇರುವವರಿಗೆಂದೇ ರೂಪಿಸಿದ ಓಪನ್‌ಡಿಸ್ಲೆಕ್ಸಿಕ್ ಫಾಂಟ್ ಕೇಳುವವರಿದ್ದಾರೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ, ಇಂಗ್ಲಿಷಿನಲ್ಲೂ ಅದರ ಲಾಭ ಸಾಬೀತಾಗಿಲ್ಲ. ನಾವು ಬಳಸಿರುವುದು ನೋಟೋ ಸಾನ್ಸ್ ಕನ್ನಡ.

ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಥೋರಿಯಂ ರೀಡರ್ ಎಂಬ ಇ-ಪುಸ್ತಕ ಓದುವ ತಂತ್ರಾಂಶ ಹಾಕಿಕೊಂಡು ಕಡತ ತೆರೆಯಿರಿ. ಫೋನ್‌ನಲ್ಲಾದರೆ ಗೂಗಲ್ ಪ್ಲೇ ಬುಕ್ಸ್‌ಗೆ ಏರಿಸಿ. ಓದಿಸಿ ಕೇಳಲು ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ಟು ಸ್ಪೀಚ್’ ಹುಡುಕಿ, ಕನ್ನಡದ ಧ್ವನಿ ಇಳಿಸಿಕೊಳ್ಳಿ. ಮೊದಮೊದಲು ವೇಗ ಕಡಿಮೆ ಇರಲಿ.

ತರಗತಿಯಲ್ಲಿ “42ನೇ ಪುಟ ತೆಗೀರಿ” ಎಂದಾಗ ಈ ಮಗು ಹಿಂದೆ ಬೀಳಬಾರದು. ಅದಕ್ಕಾಗಿ ಮುದ್ರಿತ ಪ್ರತಿಯ ಪುಟಸಂಖ್ಯೆಗಳನ್ನೇ ಇ-ಪಬ್‌ನೊಳಗೂ ಕೂರಿಸಿದ್ದೇವೆ. ಥೋರಿಯಂನಲ್ಲಿ ಸಂಖ್ಯೆ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ.

ಕಾಗದದ ಮೇಲೇ ಓದಬೇಕೆನ್ನುವವರು ತಿಳಿಸಿ, 18 ಪಾಯಿಂಟ್ ಅಕ್ಷರದ ಮುದ್ರಣ ಪ್ರತಿ ಕಳಿಸುತ್ತೇವೆ. ಯಾವುದಾದರೂ ಪದವನ್ನು ಧ್ವನಿ ತಪ್ಪಾಗಿ ಓದಿದರೆ ಪುಟಸಂಖ್ಯೆ, ಪದ ಎರಡನ್ನೂ ಬರೆದು ಕಳಿಸಿ.

ಇಂತಿ,
ಪ್ರಕಟಣಾ ವಿಭಾಗ