ಪದಕಗಳ ಹಿಂದೆ ಮರೆಯಾದ ವೈದ್ಯೆ

ಪ್ರೀತಿಯ ತಂಗಿ,

ಏರ್ ಮಾರ್ಷಲ್ ಪದ್ಮಾ ಬಂದೋಪಾಧ್ಯಾಯ ಅವರ ಮೇಲೆ ನೀನು ಬರೆಯುತ್ತಿರುವ ಜೀವನಚರಿತ್ರೆಯ ಕರಡು ಓದಿದೆ. ಪಟ್ಟ ಶ್ರಮ ಕಾಣುತ್ತದೆ. ಆದರೆ ವೈದ್ಯೆಯೊಬ್ಬರ ಕಥೆಯಲ್ಲಿ ಹುಡುಕಿದರೂ ಒಬ್ಬ ರೋಗಿ ಸಿಗಲಿಲ್ಲ. ಹುದ್ದೆಗಳಿವೆ, ಪದಕಗಳಿವೆ, ಯಾರದಾದರೂ ನಾಡಿ ಹಿಡಿದದ್ದು ಮಾತ್ರ ಎಲ್ಲೂ ಇಲ್ಲ.

1968ರಲ್ಲಿ ವಾಯುಪಡೆ ಸೇರಿದರು, ಸೇನಾಧಿಕಾರಿಗಳಿಗೆ ಉನ್ನತ ತರಬೇತಿ ಕೊಡುವ, ತಮಿಳುನಾಡಿನ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿನ ಕೋರ್ಸ್ ಮುಗಿಸಿದ ಮೊದಲ ಮಹಿಳೆಯಾದರು, ಉತ್ತರ ಧ್ರುವ ಪ್ರದೇಶದಲ್ಲಿ ಸಂಶೋಧನೆ ಮಾಡಿದರು, 2004ರಲ್ಲಿ ಏರ್ ಮಾರ್ಷಲ್ ಆದ ಮೊದಲ ಮಹಿಳೆ, 2020ರಲ್ಲಿ ಪದ್ಮಶ್ರೀ. ನೋಡು, ಒಂದೇ ವಾಕ್ಯಕ್ಕೆ ಮುಗಿಯಿತು. ನೀನು ಇದಕ್ಕೆ ಅಧ್ಯಾಯದ ಮೇಲೆ ಅಧ್ಯಾಯ ಕೊಟ್ಟಿದ್ದೀಯ.

ಬಾಲ್ಯದ ಭಾಗ ಒಳ್ಳೆಯದು. 1944ರಲ್ಲಿ ತಿರುಪತಿಯಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದ ಹುಡುಗಿ, ಕ್ಷಯ ಹಿಡಿದ ತಾಯಿ, ಆಡುವ ವಯಸ್ಸಿಗೇ ಹೆಗಲಿಗೆ ಬಿದ್ದ ಆರೈಕೆ. ನೆರೆಯಲ್ಲಿ ಡಾ. ಎಸ್. ಪದ್ಮಾವತಿ, ಮುಂದೆ ದೇಶವೇ ಬಲ್ಲ ಹೃದ್ರೋಗ ತಜ್ಞೆ. ಇಷ್ಟು ಇದ್ದ ಮೇಲೆ ಆ ಪುಟ್ಟ ಮಗುವಿನ ಬಾಯಿಗೆ ದೇಶಸೇವೆಯ ಭಾಷಣ ಯಾಕೆ ತುರುಕಿದೆ? ತೆಗೆದುಬಿಡು. ನೀನು ಕೇಳಿಸಿಕೊಳ್ಳದ ಮಾತಿಗೆ ಉದ್ಧರಣ ಚಿಹ್ನೆ ಹಾಕಬಾರದು.

ಈಗ ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟ ವಿಷಯಕ್ಕೆ ಬರುತ್ತೇನೆ. ಅವರ ಕ್ಷೇತ್ರ ವೈಮಾನಿಕ ವೈದ್ಯಶಾಸ್ತ್ರ. ಬೇರೆ ವೈದ್ಯರ ಬಳಿ ಕಾಯಿಲೆಯವರು ಬರುತ್ತಾರೆ. ಇಲ್ಲಿ ಬರುವವನು ಗಟ್ಟಿಮುಟ್ಟಾದ ಪೈಲಟ್. ಅವನಿಗೆ ಕಾಯಿಲೆಗಿಂತ ವೈದ್ಯರದೇ ಹೆದರಿಕೆ. ಕಿವಿಯಲ್ಲೋ ಕಣ್ಣಲ್ಲೋ ರಕ್ತದೊತ್ತಡದಲ್ಲೋ ಒಂದು ದೋಷ ಸಿಕ್ಕರೆ ಹಾರಾಟ ನಿಲ್ಲುತ್ತದೆ. ಹಾಗಾಗಿ ಮುಚ್ಚಿಡುವವರೂ ಇರುತ್ತಾರೆ. ಪದ್ಮಾ ಅವರು ಮುಂದೆ ದೆಹಲಿಯ ಸೆಂಟ್ರಲ್ ಮೆಡಿಕಲ್ ಎಸ್ಟಾಬ್ಲಿಷ್‌ಮೆಂಟಿನ ಮುಖ್ಯಸ್ಥೆಯಾದರಲ್ಲ, ಯಾರು ಹಾರಬಹುದು, ಯಾರು ನೆಲದ ಮೇಲಿರಬೇಕು ಎಂದು ತಪಾಸಣೆ ಮಾಡುವ ಜಾಗವೇ ಅದು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ವಾಯುಪಡೆಯ ಪೈಲಟ್‌ಗಳೆಲ್ಲ ಗಂಡಸರು, ವೈದ್ಯಕೀಯದ ಆಚೆಯ ಶಾಖೆಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1990ರ ದಶಕದಲ್ಲಿ. ವಿಮಾನ ಹಾರಿಸಲು ಹೆಣ್ಣಿಗೆ ಅವಕಾಶವೇ ಇಲ್ಲದ ಪಡೆಯಲ್ಲಿ, ಗಂಡಸಿನ ಹಾರಾಟ ನಿಲ್ಲಿಸಿ ಎಂದು ಬರೆಯಬಲ್ಲ ಹೆಣ್ಣು! ನಿನ್ನ ಪುಸ್ತಕ ಇಲ್ಲಿದೆ.

ಅದನ್ನು ಬರೆಯಲು ಶಾಸ್ತ್ರವನ್ನೂ ಒಂದಿಷ್ಟು ಓದು. ಯುದ್ಧವಿಮಾನ ರಭಸದಿಂದ ತಿರುಗಿದಾಗ ರಕ್ತ ತಲೆಯಿಂದ ಕಾಲಿನ ಕಡೆ ಇಳಿಯುತ್ತದೆ. ಮೊದಲು ದೃಷ್ಟಿ ಮಸುಕಾಗುತ್ತದೆ, ಆಮೇಲೆ ಕತ್ತಲೆ, ಆಮೇಲೆ ಪ್ರಜ್ಞೆಯೇ ಹೋಗುತ್ತದೆ. ಪೈಲಟ್ ತೊಡುವ ಜಿ-ಸೂಟ್ ಹೊಟ್ಟೆ ಕಾಲುಗಳನ್ನು ಬಿಗಿಯಾಗಿ ಒತ್ತಿಹಿಡಿಯುವುದು ಅದಕ್ಕೇ. ಇನ್ನು 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಆಮ್ಲಜನಕ ಸಾಲದೆ ಬಂದಾಗ ಮನುಷ್ಯನಿಗೆ ಸಂಕಟವಾಗುವ ಬದಲು ಕೆಲವೊಮ್ಮೆ ಉಲ್ಲಾಸವೇ ಆಗುತ್ತದೆ. ತರಬೇತಿಯ ಕೋಣೆಯಲ್ಲಿ ಗಾಳಿಯ ಒತ್ತಡ ಇಳಿಸಿ ಬರೆಯಲು ಹೇಳಿದರೆ ಅಕ್ಷರ ಸೊಟ್ಟಸೊಟ್ಟ ಬರುತ್ತದೆ, ಬರೆದವನಿಗೆ ಮಾತ್ರ ತಾನು ಅಚ್ಚುಕಟ್ಟಾಗಿ ಬರೆದೆ ಎಂಬ ನಂಬಿಕೆ. (ನಮ್ಮಲ್ಲಿ ಕೆಲವರಿಗೆ ಇದು ನೆಲದ ಮೇಲೇ ಆಗುತ್ತದೆ, ಇರಲಿ.) ಈ ವಿದ್ಯೆಯ ಸಂಸ್ಥೆ 1957ರಿಂದ ಬೆಂಗಳೂರಿನಲ್ಲೇ ಇದೆ. ನಿವೃತ್ತ ಪೈಲಟ್‌ಗಳಿಗೂ ಆ ಊರಲ್ಲಿ ಬರವಿಲ್ಲ. ಹೋಗಿ ಮಾತಾಡಿಸು. ಪದ್ಮಾ ಅವರ ಬಗ್ಗೆ ಕೇಳಿದರೆ ಹೊಗಳಿ ಸುಮ್ಮನಾಗುತ್ತಾರೆ. ಡಾಕ್ಟರರಿಂದ ಏನೇನು ಮುಚ್ಚಿಟ್ಟಿರಿ ಎಂದು ಕೇಳು, ಬಾಯಿಬಿಡುತ್ತಾರೆ.

1971ರ ಯುದ್ಧದ ಅಧ್ಯಾಯದಲ್ಲಿ ಸೈರನ್ನು, ಹೊಗೆ, ಕಣ್ಣೀರು ಎಲ್ಲ ಇದೆ, ಆದರೆ ಅದು ಯಾವ ಯುದ್ಧಕ್ಕೂ ಹೊಂದುತ್ತದೆ. ಪದ್ಮಾ ಮತ್ತು ಅವರ ಪತಿ ಇಬ್ಬರೂ ಒಂದೇ ಸಮಾರಂಭದಲ್ಲಿ ವಿಶಿಷ್ಟ ಸೇವಾ ಪದಕ ಪಡೆದ ಸಂಗತಿ ಇಟ್ಟುಕೋ, ಉಳಿದದ್ದಕ್ಕೆ ದಾಖಲೆ ಸಿಗುವವರೆಗೆ ಕತ್ತರಿ ಹಾಕು.

ಮುಂದಿನ ಸಲ ಇಡೀ ಕರಡು ಕಳಿಸಬೇಡ. ಆ ತಪಾಸಣೆಯ ಕೋಣೆಯ ಅಧ್ಯಾಯವೊಂದನ್ನೇ ಕಳಿಸು. ಪುಟಸಂಖ್ಯೆ ಹಾಕು, ಈ ಸಲ ಹಾಳೆಗಳು ಕಲೆತುಹೋಗಿ ಜೋಡಿಸಲು ಸಾಕಾಯಿತು.

ನಿನ್ನ ಅಣ್ಣ