ಚಿಂದಿಯ ಲೆಕ್ಕ ನಮೂನೆಯಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ವಿನ್ಯಾಸ ಕಾಲೇಜುಗಳ ವರ್ಷಾಂತ್ಯದ ಪ್ರದರ್ಶನಗಳಲ್ಲಿ ಈಚೆಗೆ ಹಳೆಯ ಬಟ್ಟೆಯಿಂದ ಹೊಲಿದ ಚೀಲಗಳು ತಪ್ಪದೆ ಕಾಣಿಸುತ್ತವೆ. ವಿದ್ಯಾರ್ಥಿಗಳ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಗಾರ್ಮೆಂಟ್ಸ್‌ನ ಕಟಿಂಗ್ ವಿಭಾಗದಲ್ಲೇ ತಲೆ ನರೆತ ನನಗೆ ಒಂದು ತಕರಾರಿದೆ. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವಾಗ ಉಳಿಯುವ ಚಿಂದಿ, ಚೀಲ ಹೊಲಿದು ಮುಗಿಸುವಷ್ಟು ಅಲ್ಪಸ್ವಲ್ಪವಲ್ಲ.

ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಉಡುಪಿನ ಭಾಗಗಳನ್ನು ಜೋಡಿಸಿ ಬರೆದ ಮಾರ್ಕರ್ ಕಾಗದ ಇಟ್ಟು ಯಂತ್ರ ಓಡಿಸಿದಾಗ ತೋಳಿಗೂ ಕಂಕುಳಿನ ತಿರುವಿಗೂ ನಡುವೆ ಬಾಗಿದ ತುಂಡುಗಳು ಉಳಿಯುತ್ತವೆ. ಒಂದು ಪದರದಲ್ಲಿ ನೋಡಿದರೆ ಬೆರಳಗಲ, ನೂರು ಪದರಕ್ಕೆ ಬುಟ್ಟಿ ತುಂಬುತ್ತದೆ. ಬಟ್ಟೆಯ ಸುಮಾರು ಶೇ 15ರಷ್ಟು ಹೀಗೆ ಕತ್ತರಿಸುವಾಗಲೇ ವ್ಯರ್ಥವಾಗುತ್ತದೆ ಎಂಬುದು ಉದ್ಯಮದಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಆ ತಿರುವನ್ನು ತುಸು ಬದಲಿಸಿದರೆ ಎಷ್ಟು ಉಳಿಯುತ್ತದೆಂದು ಮಾರ್ಕರ್ ಹಾಕುವವರಿಗೆ ಗೊತ್ತು. ನಮೂನೆಗೆ, ಅಂದರೆ ಆ ಭಾಗಗಳ ಆಕಾರಕ್ಕೆ, ಕೈಹಚ್ಚುವ ಅಧಿಕಾರ ಮಾತ್ರ ಅವರಿಗಿಲ್ಲ, ಅದು ವಿನ್ಯಾಸಕರದು. (ಕತ್ತರಿಯೇ ತಾಗದ ಸೀರೆ, ಪಂಚೆಗಳನ್ನು ಉಟ್ಟ ನಾಡಿನಲ್ಲಿ ಬಟ್ಟೆ ವ್ಯರ್ಥ ಮಾಡದಿರುವುದನ್ನು ಹೊಸ ಪಾಠವೆಂಬಂತೆ ಕಲಿಸಬೇಕಾಗಿದೆ!)

ಇನ್ನು ನೂಲು. ಬರಿ ಹತ್ತಿಯ ಚಿಂದಿಯನ್ನು ಹಿಂಜಿ ಮತ್ತೆ ನೂಲಬಹುದು. ಎಳೆ ಗಿಡ್ಡವಾಗುವುದರಿಂದ ಹೊಸ ಹತ್ತಿ ಬೆರೆಸಬೇಕಾಗುತ್ತದೆ, ಅಷ್ಟೆ. ಅದಕ್ಕೆ ಪಾಲಿಯೆಸ್ಟರ್ ಸೇರಿತೋ, ಬೇರ್ಪಡಿಸುವುದು ದುಬಾರಿ ಕೆಲಸ. ಮೈಗೆ ಅಂಟಿ ಕೂರಲೆಂದು ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಬೆರೆಸಿದರೆ ಇನ್ನೂ ಕಷ್ಟ. ದೇಶ ವಿದೇಶಗಳ ಹಳೆಯ ಉಣ್ಣೆ ಬಟ್ಟೆಯಿಂದ ಕಂಬಳಿ ನೇಯುವ ಪಾಣಿಪತ್‌ನಲ್ಲಿ ಹೆಂಗಸರು ಮೊದಲು ಗುಂಡಿ, ಜಿಪ್ ಕಿತ್ತು, ಬಣ್ಣವಾರು ರಾಶಿ ಹಾಕುತ್ತಾರೆ. ಜಿಪ್ ಹಚ್ಚಲು ಹೇಳಿದವರು ಅಲ್ಲಿ ಒಂದು ದಿನ ಕುಳಿತು ಅದನ್ನು ಕೀಳಬೇಕು.

ಹಳಿಯಾಳ, ಯಲ್ಲಾಪುರದ ಕಡೆ ಕೌದಿ ಹೊಲಿಯುವ ಸಿದ್ದಿ ಹೆಂಗಸರ ಬಳಿಗೂ ವಿದ್ಯಾರ್ಥಿಗಳು ಹೋಗಲಿ. ಚಿತ್ತಾರದ ಫೋಟೊ ತೆಗೆದುಕೊಂಡು ಬರುವುದಕ್ಕಲ್ಲ. ಯಾವ ಬಟ್ಟೆಯನ್ನು ಅವರು ಕೌದಿಗೆ ಆರಿಸುತ್ತಾರೆ, ಯಾವುದನ್ನು ಬದಿಗಿಡುತ್ತಾರೆ ಎಂದು ಕೇಳುವುದಕ್ಕೆ.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿಯಿಂದ ಬಟ್ಟೆಯ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ. ಅಲ್ಲಿಗೆ ಉಡುಪು ಕಳಿಸುವ ನಮ್ಮ ಕಾರ್ಖಾನೆಗಳಲ್ಲಿ ಹತ್ತಿ, ಪಾಲಿಯೆಸ್ಟರ್ ಎಲ್ಲವನ್ನೂ ಒಂದೇ ಮೂಟೆಗೆ ತುರುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಟಿಂಗ್ ಮೇಜಿನ ಬಳಿಯೇ ಎರಡು ಮೂಟೆ ಇಡಲು ಹೆಚ್ಚಿನ ಖರ್ಚೇನೂ ಬಾರದು. ಕಾಲೇಜುಗಳು ಕೂಡ ಪ್ರತಿ ಉಡುಪಿನ ಜೊತೆಗೆ ಅದರ ಮಾರ್ಕರ್ ಮತ್ತು ಉಳಿದ ಚಿಂದಿಯ ತೂಕವನ್ನು ಕೇಳಿ, ಅದಕ್ಕೂ ಅಂಕ ಕೊಡಲಿ.

– ನಿವೃತ್ತ ಕಟಿಂಗ್ ಮಾಸ್ಟರ್, ಬೆಂಗಳೂರು