ಬಿಯರಿನ ಹಾಪ್ಸ್ ಒಗ್ಗದವರಿಗೆ ಮಾಹಿತಿ ಬೇಕು

ಮಾನ್ಯರೇ,

ಬಿಯರು ಕುಡಿದು ಮೈ ತುರಿಸಿತು ಎಂದರೆ ನಗುವವರೇ ಹೆಚ್ಚು. ‘ಹಾಗಾದರೆ ಕುಡಿಯಬೇಡಿ’ ಎಂಬುದು ಸಿದ್ಧ ಉತ್ತರ. ಅದು ತಪ್ಪೆಂದು ನಾನು ವಾದಿಸುವುದಿಲ್ಲ. ಆದರೆ ಸಾಧಾರಣ ಲಾಗರ್ ಬಿಯರನ್ನು ವರ್ಷಗಟ್ಟಲೆ ಮಿತವಾಗಿ ಕುಡಿದರೂ ಏನೂ ಆಗದಿದ್ದ ನನಗೆ, ಬೆಂಗಳೂರಿನಲ್ಲಿ ತಾನೇ ಬಿಯರು ತಯಾರಿಸಿ ಬಡಿಸುವ ಒಂದು ಮೈಕ್ರೊಬ್ರೂವರಿಯಲ್ಲಿ, ಹಾಪ್ಸ್ ಹೆಚ್ಚಾಗಿ ಹಾಕುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರಿನ ಅರ್ಧ ಮಗ್ ಮುಗಿಯುವಷ್ಟರಲ್ಲಿ ಮೂಗು ಕಟ್ಟಿ, ಕುತ್ತಿಗೆಯ ಸುತ್ತ ಪಿತ್ತದ ಗಂಧೆಗಳೆದ್ದವು. ‘ಸ್ಟ್ರಾಂಗ್ ಇದೆ ಸರ್, ನಿಧಾನ ಕುಡೀಬೇಕಿತ್ತು’ ಎಂದು ಬಡಿಸುವ ಹುಡುಗ ನೀರು ತಂದಿಟ್ಟ. ಇನ್ನೊಂದು ಸಲವೂ ಹಾಗೆಯೇ ಆದಾಗ ಗುಮಾನಿ ಆಲ್ಕೋಹಾಲಿನಿಂದ ಹಾಪ್ಸ್ ಕಡೆಗೆ ತಿರುಗಿತು.

ಹಾಪ್ಸ್ ಎಂಬುದು ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಬಳ್ಳಿಯೊಂದರ ಹೆಣ್ಣು ಹೂವು. ಅದರ ಎಸಳುಗಳ ಬುಡದಲ್ಲಿ ಅರಿಶಿನದಂತಹ ಪುಡಿಯಿದ್ದು, ಬಿಯರಿನ ಕಹಿಯೂ ಪರಿಮಳವೂ ಆ ಪುಡಿಯ ಅಂಟು ಮತ್ತು ತೈಲದಿಂದಲೇ ಬರುತ್ತವೆ. ಹಾಪ್ಸ್ ಬಿಡಿಸುವ ಕೂಲಿಕಾರರ ಕೈ, ಮುಖಗಳಲ್ಲಿ ದದ್ದು ಏಳುವುದು ವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತಿರುವ ಸಂಗತಿ. ಬಿಯರು ತಯಾರಿಸುವ ಪರಿಚಿತರೊಬ್ಬರು ಕೋಳಿ ಆಹಾರದಂತೆ ಕಾಣುವ ಹಾಪ್ಸಿನ ಹಸಿರು ಗುಳಿಗೆಗಳನ್ನು ತೂಗುವಾಗ ಕೈಗವಸು ಮರೆತರೆ ಸಂಜೆಯೊಳಗೆ ಮಣಿಕಟ್ಟು ಕೆಂಪಾಗುತ್ತದಂತೆ. ಮಿಕ್ಕ ಮಡ್ಡಿಯನ್ನು ಅವರು ಬೀದಿನಾಯಿಗಳಿಗೆ ಸಿಗದಂತೆ ಕಟ್ಟಿ ಎಸೆಯುತ್ತಾರೆ. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಕುತ್ತು ಬರಬಹುದು.

ಲಾಗರ್ ತಯಾರಿಕೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 1–2 ಗ್ರಾಂ ಹಾಪ್ಸ್ ಸಾಕು. ಅದೂ ಧಾನ್ಯದ ರಸದ ಜೊತೆ ಕುದಿಯುವುದರಿಂದ ತೈಲದ ಬಹುಪಾಲು ಆವಿಯಾಗಿ ಹೋಗುತ್ತದೆ. ಈಗಿನ ಐಪಿಎಗಳಲ್ಲಿ ಹಾಗಲ್ಲ: ಹುದುಗು ಬಂದ ತಣ್ಣನೆಯ ಬಿಯರಿಗೇ ಹಾಪ್ಸ್ ಸುರಿಯುವ ‘ಡ್ರೈ ಹಾಪಿಂಗ್’ ಪದ್ಧತಿಯಿದ್ದು, ಕೆಲವಕ್ಕೆ ಲೀಟರಿಗೆ 10 ಗ್ರಾಂಗೂ ಮೀರಿ ಬೀಳುತ್ತದೆ. ಒಂದು ಒಗ್ಗಿ ಇನ್ನೊಂದು ಒಗ್ಗದಿರುವುದಕ್ಕೆ ಇದೂ ಕಾರಣವಾಗಿರಬಹುದು.

ಹಾಗೆಂದು ಎಲ್ಲ ತುರಿಕೆಗೂ ಹಾಪ್ಸನ್ನೇ ದೂರುವಂತಿಲ್ಲ. ಬಾರ್ಲಿಯ ಪ್ರೋಟೀನು, ಗೋಧಿ, ಹುದುಗುವಿಕೆಯಲ್ಲಿ ಹುಟ್ಟುವ ಹಿಸ್ಟಮಿನ್, ಸಲ್ಫೈಟ್ ಇವೂ ಇಂಥದೇ ಕಾಟ ಕೊಡಬಲ್ಲವು. ಆಲ್ಕೋಹಾಲೇ ಮುಖ ಕೆಂಪಾಗಿಸುವುದೂ ಉಂಟು. ಉಸಿರಾಟಕ್ಕೆ ಕಷ್ಟವಾದರೆ, ತುಟಿ ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿಜವಾದ ಕಾರಣವನ್ನು ಅಲರ್ಜಿ ತಜ್ಞರು ಪರೀಕ್ಷಿಸಿಯೇ ಹೇಳಬೇಕು. ಅವರಿಗಾದರೂ ನಾವು ಕುಡಿದದ್ದರಲ್ಲಿ ಏನಿತ್ತೆಂದು ಹೇಳಲು ಗೊತ್ತಿರಬೇಕಲ್ಲ?

ತೊಡಕಿರುವುದು ಅಲ್ಲಿಯೇ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ ಘೋಷಿಸಲೇಬೇಕಾದ ಅಲರ್ಜಿಕಾರಕಗಳ ಪಟ್ಟಿಯಿದೆ; ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಶೇಂಗಾ, ಸೋಯಾ, ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ ಅದರಲ್ಲಿವೆ, ಹಾಪ್ಸ್ ಇಲ್ಲ. ಮೇಲಾಗಿ ನಲ್ಲಿಯಿಂದ ಮಗ್ಗಿಗೆ ಬೀಳುವ ಬಿಯರಿಗೆ ಲೇಬಲ್ ಅಂಟಿಸುವುದಾದರೂ ಎಲ್ಲಿ? ಅನೇಕ ಬ್ರೂಪಬ್ಬುಗಳ ಫಲಕದಲ್ಲಿ ಆಲ್ಕೋಹಾಲ್ ಪ್ರಮಾಣದ ಪಕ್ಕ ಐಬಿಯು ಎಂಬ ಅಂಕಿ ಇರುತ್ತದೆ. ಅದು ಕಹಿಯ ಅಳತೆಯೇ ಹೊರತು ಹಾಪ್ಸಿನದಲ್ಲ. ಕಹಿ ಕಡಿಮೆಯೆನಿಸುವ ಮಬ್ಬು ಐಪಿಎಯಲ್ಲಿ ಹಾಪ್ಸ್ ಧಾರಾಳವಾಗಿರಬಹುದು. ಬಳಸಿದ ಧಾನ್ಯ, ಹಾಪ್ಸ್ ತಳಿ, ಡ್ರೈ ಹಾಪಿಂಗ್ ಮಾಡಿದ್ದರೆ ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನು ಅದೇ ಫಲಕದಲ್ಲಿ, ಕನ್ನಡದಲ್ಲಿಯೂ ಬರೆಯುವಂತೆ ಅಬಕಾರಿ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ, ಬಸವನಗುಡಿ, ಬೆಂಗಳೂರು